ಪಡೆ ರೆಡಿ ಇದೆಯಾ? ಸೇನಾ ಸನ್ನದ್ಧತೆಯನ್ನು ಅಳೆಯುವುದು, ಉಳಿಸಿಕೊಳ್ಳುವುದು ಹೇಗೆ

ಬೆಳಗಿನ ಜಾವ 4 ಗಂಟೆಗೆ ಸೈರನ್ ಕೂಗಿತು. ಎಂ.ಟಿ. ಪಾರ್ಕ್‌ನಲ್ಲಿ, ಅಂದರೆ ಯೂನಿಟ್‌ನ ಗಾಡಿ ನಿಲ್ಲಿಸುವ ಜಾಗದಲ್ಲಿ, 26 ಲಾರಿಗಳು ಸಾಲಾಗಿ ನಿಂತಿದ್ದವು. 23 ಗಾಡಿ ಫಿಟ್ ಅಂತ ಹಿಂದಿನ ಸಂಜೆಯಷ್ಟೇ ರಿಟರ್ನ್ (ಮೇಲಿನವರಿಗೆ ಕಳಿಸುವ ಲೆಕ್ಕದ ವರದಿ) ಬರೆದು ಸಹಿಗೆ ಕಳಿಸಿದವನು ನಾನೇ. ಸ್ಟಾರ್ಟ್ ಆಗಿದ್ದು 17. ಕೈಕೊಟ್ಟ 6ರಲ್ಲಿ 4ಕ್ಕೆ ಬ್ಯಾಟರಿ ಕೂತಿತ್ತು. ಒಂದರ ಡೀಸೆಲ್ ಲೈನ್‌ನಲ್ಲಿ ಗಾಳಿ ಸೇರಿತ್ತು. ಇನ್ನೊಂದರ ಬಾನೆಟ್ ಎತ್ತಿದರೆ ಬ್ಯಾಟರಿಯೇ ಇಲ್ಲ! ಹಿಂದಿನ ವಾರ ಇನ್‌ಸ್ಪೆಕ್ಷನ್ ಇದೆ ಅಂತ ಅದನ್ನು ಬಿಚ್ಚಿ ಪಕ್ಕದ ಗಾಡಿಗೆ ಹಾಕಿದ್ದರು, ವಾಪಸ್ ಹಾಕಲು ಯಾರಿಗೂ ನೆನಪಾಗಿರಲಿಲ್ಲ. "ಸಾಬ್, ನಿನ್ನೆ ಓಡ್ತಿತ್ತು" ಅಂದ ಡ್ರೈವರ್.

ಆ ಬೆಳಿಗ್ಗೆಯಿಂದ ನನಗೆ ಪರ್ಸೆಂಟೇಜ್ ಕಂಡರೆ ಅನುಮಾನ. ಹಾಗಂತ ಅಳೆಯದೇ ಇರೋಕ್ಕಾಗುತ್ತಾ? ಆಗಲ್ಲ. ಸರಿಯಾಗಿ ಅಳೆಯಬೇಕು ಅಷ್ಟೇ. ಅದನ್ನು ಹಂತ ಹಂತವಾಗಿ ಇಲ್ಲಿ ಬರೆದಿದ್ದೇನೆ. ಎನ್‌ಸಿಸಿ ಅಧಿಕಾರಿಗಳು, ರಕ್ಷಣಾ ವಿಷಯ ಓದುವ ವಿದ್ಯಾರ್ಥಿಗಳು, ಈಗಷ್ಟೇ ಯೂನಿಟ್ ಆಫೀಸಿನಲ್ಲಿ ಕೂತು ಮೊದಲ ರಿಟರ್ನ್ ತುಂಬುತ್ತಿರುವ ಹುಡುಗರು, ಇವರಿಗಾಗಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಸೇನೆಯ ಯೂನಿಟ್ ಮಟ್ಟದ ಅಂಕಿಅಂಶ ಗುಟ್ಟಿನದು, ಗುಟ್ಟಾಗಿಯೇ ಇರಬೇಕು. ಅದಕ್ಕೆ ನಿಯಮಗಳನ್ನು ಅಮೆರಿಕದ ಸೇನೆಯಿಂದ ತೆಗೆದುಕೊಂಡಿದ್ದೇನೆ, ಅವರ ಯೂನಿಟ್ ಸ್ಟೇಟಸ್ ವರದಿಯ ಮಾನದಂಡಗಳು ಬಹಿರಂಗವಾಗಿಯೇ ಸಿಗುತ್ತವೆ. ಲೆಕ್ಕಕ್ಕೆ ಬಳಸಿರುವ ಬಟಾಲಿಯನ್ ಪೂರ್ತಿ ಕಾಲ್ಪನಿಕ.

ಹಂತ 1: ಯಾವ ಕೆಲಸಕ್ಕೆ ರೆಡಿ? ಎಷ್ಟು ದಿನದಲ್ಲಿ?

"ನಾವು ರೆಡಿ" ಅನ್ನುವ ಮಾತಿಗೆ ಅರ್ಥ ಬರಬೇಕಾದರೆ ಮೂರು ಸಂಗತಿ ಜೊತೆಗಿರಬೇಕು. ಏನು ಮಾಡಲು, ಎಷ್ಟು ದಿನದೊಳಗೆ, ಎಷ್ಟು ದಿನದವರೆಗೆ. ಪ್ರವಾಹದಲ್ಲಿ ಜನರನ್ನು ದೋಣಿಯಲ್ಲಿ ಸಾಗಿಸಲು ರೆಡಿ ಇರುವ ಬಟಾಲಿಯನ್, 15,000 ಅಡಿ ಎತ್ತರದಲ್ಲಿ ಚಳಿಗಾಲ ಕಳೆಯಲು ರೆಡಿ ಇರಬೇಕೆಂದೇನಿಲ್ಲ. 1962ರಲ್ಲಿ ನಮ್ಮ ಎಷ್ಟೋ ತುಕಡಿಗಳು ಹತ್ತಿ ಬಟ್ಟೆಯಲ್ಲಿ, ಹಳೆಯ .303 ರೈಫಲ್ ಹಿಡಿದು ಹಿಮಾಲಯ ಹತ್ತಿದವು. ಜನ ಇದ್ದರು, ಬಂದೂಕು ಇತ್ತು, ಎದೆಗಾರಿಕೆಯೂ ಇತ್ತು. ಆ ಎತ್ತರಕ್ಕೆ, ಆ ಚಳಿಗೆ ಬೇಕಾದದ್ದು ಇರಲಿಲ್ಲ.

ದಿನದ ಲೆಕ್ಕಕ್ಕೆ ಬಂದರೆ ಆಪರೇಷನ್ ಪರಾಕ್ರಮ್‌ಗಿಂತ ಒಳ್ಳೆಯ ಪಾಠ ಇಲ್ಲ. 2001ರ ಡಿಸೆಂಬರ್ 13ರಂದು ಸಂಸತ್ತಿನ ಮೇಲೆ ದಾಳಿಯಾಯಿತು. ಸೇನೆಗೆ ಹೊರಡಲು ಆದೇಶ ಬಂತು. ದೇಶದ ಒಳಗೆ ದೂರದಲ್ಲಿದ್ದ ಸ್ಟ್ರೈಕ್ ಕೋರ್‌ಗಳು (ಗಡಿ ದಾಟಿ ದಾಳಿ ಮಾಡುವ ದೊಡ್ಡ ಪಡೆಗಳು) ರೈಲಿನಲ್ಲಿ, ರಸ್ತೆಯಲ್ಲಿ ಗಡಿ ತಲುಪಿ ಸಜ್ಜಾಗಲು ಸುಮಾರು 3 ವಾರ ಹಿಡಿಯಿತು. ಅಷ್ಟರಲ್ಲಿ ಆ ಕಡೆ ಪಾಕಿಸ್ತಾನದವರೂ ಸಜ್ಜಾಗಿ ನಿಂತಿದ್ದರು, ಜಗತ್ತಿನ ಒತ್ತಡವೂ ಶುರುವಾಗಿತ್ತು. ಹೊಡೆದಾಡಲು ಆ ಪಡೆ ರೆಡಿ ಇತ್ತಾ ಅಂದರೆ ಇತ್ತು, 72 ಗಂಟೆಯಲ್ಲಿ ರೆಡಿ ಇತ್ತಾ ಅಂದರೆ ಇರಲಿಲ್ಲ. ಆಮೇಲೆ 2004ರಲ್ಲಿ ಕೋಲ್ಡ್ ಸ್ಟಾರ್ಟ್ ಅನ್ನುವ, ಬೇಗ ಹೊರಟು ದಾಳಿ ಮಾಡುವ ಯೋಚನೆ ಹೊರಬಂದದ್ದು ಈ 3 ವಾರವನ್ನು ಹೇಗಾದರೂ ಕಡಿಮೆ ಮಾಡಬೇಕು ಅಂತಲೇ.

1971ರದ್ದು ಇದಕ್ಕೆ ಉಲ್ಟಾ. ಏಪ್ರಿಲ್‌ನಲ್ಲೇ ಒತ್ತಡ ಬಂದರೂ ಆಗಿನ ಸೇನಾ ಮುಖ್ಯಸ್ಥ ಮಾಣೆಕ್ ಶಾ ಸಮಯ ಕೇಳಿದರು. ಮಳೆಗಾಲ ಕಳೆಯಬೇಕಿತ್ತು, ಉತ್ತರದ ಕಣಿವೆಗಳು ಹಿಮದಿಂದ ಮುಚ್ಚಬೇಕಿತ್ತು, ಸಾಮಾನು ಸಾಗಬೇಕಿತ್ತು. ಡಿಸೆಂಬರ್ 3ಕ್ಕೆ ಯುದ್ಧ ಶುರುವಾಗಿ 16ಕ್ಕೆ ಢಾಕಾದಲ್ಲಿ ಶರಣಾಗತಿ. ಯಾವ ದಿನಾಂಕಕ್ಕೆ ರೆಡಿ ಆಗುತ್ತೇವೆ ಅಂತ ಧೈರ್ಯವಾಗಿ ಹೇಳುವುದೂ ಸನ್ನದ್ಧತೆಯ ಲೆಕ್ಕವೇ.

ಹಾಗಾಗಿ ಹಾಳೆಯ ತಲೆಯಲ್ಲಿ ಒಂದು ಸಾಲು ಬರೆಯಿರಿ. "ಆದೇಶ ಬಂದ 72 ಗಂಟೆಯೊಳಗೆ ಹೊರಟು, ರಾತ್ರಿ ನದಿ ದಾಟಿ, ಆಚೆ ದಡವನ್ನು 10 ದಿನ ಹಿಡಿದಿಟ್ಟುಕೊಳ್ಳುವುದು." ಈ ಸಾಲು ಇಲ್ಲದೆ ಮುಂದಿನ ಯಾವ ಅಂಕಿಯೂ ಕೆಲಸಕ್ಕೆ ಬರಲ್ಲ.

ಹಂತ 2: ಆ ಸಾಲನ್ನು ಒಡೆಯಿರಿ

ಒಂದು ಸಾಲಿನಿಂದ 6–8 ಮುಖ್ಯ ಕೆಲಸ ಬರಬೇಕು, ಜಾಸ್ತಿ ಬೇಡ. ಪ್ರತಿ ಕೆಲಸಕ್ಕೂ ಒಂದು ಮಟ್ಟ ಬರೆಯಿರಿ, ಬೇರೆಯವರು ಬಂದು ಸ್ಟಾಪ್‌ವಾಚ್ ಹಿಡಿದು ನೋಡಬಹುದಾದಂಥದ್ದು. "ಗಾಡಿಗಳು ಚೆನ್ನಾಗಿರಬೇಕು" ಅಂತ ಬರೆದರೆ ಏನು ನೋಡುವುದು? "ಸೈರನ್ ಆದ 2 ಗಂಟೆಯಲ್ಲಿ 26ರಲ್ಲಿ 24 ಗಾಡಿ ಲೋಡ್ ಆಗಿ ಗೇಟ್ ದಾಟಬೇಕು" ಅಂದರೆ ನೋಡಬಹುದು.

ಹಂತ 3: ಜನರನ್ನು ಎಣಿಸಿ, ಹಾಜರಿ ಪುಸ್ತಕವನ್ನಲ್ಲ

ನಮ್ಮ ಕಾಲ್ಪನಿಕ ಬಟಾಲಿಯನ್‌ಗೆ ಮಂಜೂರಾದ ಸಂಖ್ಯೆ 800. ರೋಲ್‌ನಲ್ಲಿ ಇರುವವರು 752. ಅಂದರೆ 94%. ಭೇಷ್ ಅನಿಸುತ್ತೆ. ಈಗ ಕಳೆಯೋಣ. ರಜೆಯಲ್ಲಿ 70, ಕೋರ್ಸ್‌ಗೆ ಹೋದವರು 22, ಲೋ ಮೆಡಿಕಲ್ ಕೆಟಗರಿಯವರು (ಆರೋಗ್ಯದ ಕಾರಣಕ್ಕೆ ಪೂರ್ತಿ ಫಿಟ್ ಅಲ್ಲದವರು) 38, ಟೆಂಪರರಿ ಡ್ಯೂಟಿಗೆ ಹೋದವರು 46. ಉಳಿದವರು 576, ಅಂದರೆ 72%. ರಜೆಯಲ್ಲಿರುವ 70 ಜನರಲ್ಲಿ 60 ಮಂದಿ 72 ಗಂಟೆಯಲ್ಲಿ ವಾಪಸ್ ಬರಬಲ್ಲರು ಅಂತ ಇಟ್ಟುಕೊಂಡರೆ 636. ಅದು 79.5%.

ಅಮೆರಿಕದ ಮಾನದಂಡದಲ್ಲಿ ಜನರ ಲೆಕ್ಕಕ್ಕೆ ಪಿ ಅಂಕ. 90 ಮತ್ತು ಮೇಲಿದ್ದರೆ ಪಿ-1, 80ರಿಂದ 89 ಪಿ-2, 70ರಿಂದ 79 ಪಿ-3, 70ಕ್ಕಿಂತ ಕೆಳಗೆ ಪಿ-4. ಈಗ ನೋಡಿ ಮಜಾ. 79.5 ಅನ್ನು 80 ಮಾಡಲು ಎಲ್ಲರ ಕೈ ತುರಿಸುತ್ತದೆ. ನಾಲ್ಕು ಜನರ ರಜೆ ಚೀಟಿ ಎರಡು ದಿನ ಹಿಂದಕ್ಕೆ ಹೋದರೆ 640 ಆಗಿ, ಇಡೀ ಬಟಾಲಿಯನ್ ಪಿ-3ರಿಂದ ಪಿ-2ಕ್ಕೆ ಏರುತ್ತದೆ. ಅದಕ್ಕೇ ದಶಮಾಂಶವನ್ನು ಏನು ಮಾಡಬೇಕು ಅನ್ನುವುದನ್ನು ಎಣಿಸುವ ಮೊದಲೇ ಬರೆದಿಡಿ, ಎಣಿಸಿದ ಮೇಲೆ ಅಲ್ಲ.

ಇಷ್ಟಕ್ಕೇ ನಿಲ್ಲಿಸಬೇಡಿ. ಕೆಲಸ ಬಲ್ಲವರು ಎಷ್ಟು, ಹವಾಲ್ದಾರ್ ಮತ್ತು ಮೇಲಿನ ರ‍್ಯಾಂಕ್‌ನವರು ಎಷ್ಟು, ಇವೆರಡನ್ನೂ ಬೇರೆಯಾಗಿ ಎಣಿಸಬೇಕು. 636 ಜನ ಇದ್ದರೂ ಮಾರ್ಟರ್‌ಗೆ ಗುರಿ ಹೇಳುವ 4 ಜನರಲ್ಲಿ 2 ಮಂದಿ ಕೋರ್ಸ್‌ಗೆ ಹೋಗಿದ್ದರೆ ಆ ಮಾರ್ಟರ್‌ಗಳು ಅರ್ಧ ಕುರುಡು. ಇದು 79.5ರಲ್ಲಿ ಎಲ್ಲಿಯೂ ಕಾಣಿಸಲ್ಲ.

ಹಂತ 4: ಇರುವುದು ಬೇರೆ, ಓಡುವುದು ಬೇರೆ

ಸಾಮಗ್ರಿಗೆ ಎರಡು ಲೆಕ್ಕ. ಮಂಜೂರಾದದ್ದರಲ್ಲಿ ಕೈಯಲ್ಲಿ ಎಷ್ಟಿದೆ? ಇದಕ್ಕೆ ಎಸ್ ಅಂಕ. 90ರ ಮೇಲೆ ಎಸ್-1, 80ರ ಮೇಲೆ ಎಸ್-2, 65ರ ಮೇಲೆ ಎಸ್-3. ಕೈಯಲ್ಲಿರುವುದರಲ್ಲಿ ಕೆಲಸ ಮಾಡುವುದು ಎಷ್ಟು? ಇದು ಆರ್ ಅಂಕ. ನೆಲದ ಸಾಮಗ್ರಿಗೆ 90, 70, 60 ಗಡಿಗಳು. ವಿಮಾನ, ಹೆಲಿಕಾಪ್ಟರ್‌ಗಳಿಗೆ ಸ್ವಲ್ಪ ಸಡಿಲ: 75, 60, 50. ಹಾರುವ ಯಂತ್ರದ ಮೇಂಟೆನೆನ್ಸ್ ಅಷ್ಟು ಕಷ್ಟ ಅಂತ ನಿಯಮವೇ ಒಪ್ಪಿಕೊಂಡ ಹಾಗೆ.

ನಮ್ಮ ಲಾರಿಗಳಿಗೆ ಹಾಕಿ ನೋಡಿ. 26ಕ್ಕೆ 26 ಇತ್ತು, ಎಸ್-1. ಕಾಗದದಲ್ಲಿ 23 ಫಿಟ್, 88%, ಅಂದರೆ ಆರ್-2. ಬೆಳಗಿನ 4 ಗಂಟೆಗೆ 17, ಅಂದರೆ 65%, ಆರ್-3. ಒಂದೇ ಪಾರ್ಕ್, ಒಂದೇ ರಾತ್ರಿ.

ಯಾವುದು ಇಲ್ಲದಿದ್ದರೆ ಕೆಲಸವೇ ನಿಲ್ಲುತ್ತದೋ ಆ ವಸ್ತುವನ್ನು ಉಳಿದವುಗಳ ಜೊತೆ ಸೇರಿಸಿ ಎಣಿಸಲೇಬಾರದು. ಟ್ಯಾಂಕ್ ರೆಜಿಮೆಂಟ್‌ಗೆ ಟ್ಯಾಂಕ್, ನದಿ ದಾಟುವವರಿಗೆ ಸೇತುವೆಯ ಸಾಮಾನು. ಇವುಗಳಿಗೆ ಪ್ರತ್ಯೇಕ ಸಾಲು ಇರಲಿ. ಕುರ್ಚಿ, ಟೆಂಟು, ಜೆನರೇಟರ್ ಎಲ್ಲಾ ಸೇರಿಸಿ 92% ಅಂತ ಬರೆದರೆ ಅದರ ಅಡಿಯಲ್ಲಿ ಓಡದ ಟ್ಯಾಂಕ್‌ಗಳು ಆರಾಮಾಗಿ ಮಲಗುತ್ತವೆ.

ಓಡದಿದ್ದರೆ ಯಾಕೆ ಓಡುತ್ತಿಲ್ಲ ಅಂತಲೂ ಬರೆಯಿರಿ. ಬಿಡಿಭಾಗ ಇಲ್ಲವಾ, ಮೆಕ್ಯಾನಿಕ್ ಇಲ್ಲವಾ? ಎರಡಕ್ಕೂ ಮದ್ದು ಬೇರೆ. ಮೊದಲನೆಯದಕ್ಕೆ ಡಿಪೋ ಬೆನ್ನು ಹತ್ತಬೇಕು, ಎರಡನೆಯದಕ್ಕೆ ಪೋಸ್ಟಿಂಗ್ ಕೇಳಬೇಕು. ಬೆಂಗಳೂರಿನ ಎಚ್‌ಎಎಲ್‌ನ ತೇಜಸ್ ಮಾರ್ಕ್-1ಎ ನೋಡಿ. 2021ರ ಫೆಬ್ರುವರಿಯಲ್ಲಿ 83 ವಿಮಾನಗಳ ಒಪ್ಪಂದ ಆಯಿತು. ಅಮೆರಿಕದಿಂದ ಬರಬೇಕಾದ ಎಫ್-404 ಎಂಜಿನ್ ತಡವಾಯಿತು, ವಾಯುಪಡೆ ಕಾಯುತ್ತಾ ಕೂತಿತು. ವಿಮಾನದ ಮೈ ಕಟ್ಟಿ ನಿಲ್ಲಿಸಿದರೂ ಎಂಜಿನ್ ಬರುವವರೆಗೆ ಅದು ಹಾರುವ ಲೆಕ್ಕಕ್ಕೆ ಬರಲ್ಲ.

ಹಂತ 5: ಗುಂಡಿನ ಲೆಕ್ಕ ದಿನದಲ್ಲಿ

ಎಷ್ಟು ಟನ್, ಎಷ್ಟು ಪೆಟ್ಟಿಗೆ ಅನ್ನುವುದು ಸ್ಟೋರ್‌ಕೀಪರ್ ಲೆಕ್ಕ. ಕಮಾಂಡರ್‌ಗೆ ಬೇಕಾದದ್ದು ಎಷ್ಟು ದಿನ. ದಾಸ್ತಾನನ್ನು ಜೋರು ಯುದ್ಧದ ದಿನದ ಖರ್ಚಿನಿಂದ ಭಾಗಿಸಿ. ನಮ್ಮ ಸೇನೆಯ ಹಳೆಯ ಮಾನದಂಡ 40 ದಿನದ ತೀವ್ರ ಯುದ್ಧಕ್ಕೆ ಸಾಕಾಗುವ ಸಂಗ್ರಹ. 2017ರಲ್ಲಿ ಸಂಸತ್ತಿಗೆ ಬಂದ ಸಿಎಜಿ (ಸರ್ಕಾರದ ಲೆಕ್ಕ ಪರಿಶೋಧಕರು) ವರದಿ 152 ಬಗೆಯ ಮದ್ದುಗುಂಡು ನೋಡಿತು. 40 ದಿನದ ಮಟ್ಟ ಮುಟ್ಟಿದ್ದು 31 ಬಗೆ. 61 ಬಗೆಗಳು 10 ದಿನಕ್ಕೂ ಸಾಲುತ್ತಿರಲಿಲ್ಲ. ಆಗ ದೊಡ್ಡ ಗಲಾಟೆ ಆಯಿತು, ಆಮೇಲೆ ತುರ್ತು ಖರೀದಿಗೆ ಸೇನೆಗೆ ಹೆಚ್ಚು ಅಧಿಕಾರ ಕೊಟ್ಟರು. ನನಗೆ ಆ ವರದಿಯಲ್ಲಿ ಹಿಡಿಸಿದ್ದು ಅದರ ವಿಧಾನ. ಒಟ್ಟು ಮಾಡಲಿಲ್ಲ, ಬಗೆ ಬಗೆಯಾಗಿ ಎಣಿಸಿದರು.

ಯಾಕೆ ಬಗೆ ಬಗೆಯಾಗಿ? 1950ರ ಜುಲೈ 5ರಂದು ಕೊರಿಯಾದ ಓಸಾನ್ ಬಳಿ ಅಮೆರಿಕದ ಸುಮಾರು 540 ಸೈನಿಕರ ತುಕಡಿಯೊಂದು ಉತ್ತರ ಕೊರಿಯಾದ ಟ್ಯಾಂಕ್‌ಗಳಿಗೆ ಎದುರಾಯಿತು. ಟಾಸ್ಕ್ ಫೋರ್ಸ್ ಸ್ಮಿತ್ ಅಂತ ಅದರ ಹೆಸರು. ಫಿರಂಗಿ ಇತ್ತು, ಶೆಲ್ ರಾಶಿ ಇತ್ತು. ಟ್ಯಾಂಕ್ ಭೇದಿಸುವ ಬಗೆಯ ಶೆಲ್ ಇದ್ದದ್ದು 6. ಬಂದ ಟಿ-34 ಟ್ಯಾಂಕ್‌ಗಳು ಮೂವತ್ತಕ್ಕೂ ಜಾಸ್ತಿ. ಬಝೂಕಾ ಹೊಡೆದರೂ ಟ್ಯಾಂಕ್‌ಗೆ ನಾಟಲಿಲ್ಲ.

ನಮ್ಮ ಬಟಾಲಿಯನ್‌ಗೆ ಬನ್ನಿ. 6 ಮಾರ್ಟರ್, ಒಂದೊಂದಕ್ಕೆ ದಿನಕ್ಕೆ 100 ಬಾಂಬ್ ಅಂತ ಇಟ್ಟುಕೊಳ್ಳಿ. ದಿನದ ಖರ್ಚು 600. ಕೋಠಿಯಲ್ಲಿ 2,400 ಇದೆ. 4 ದಿನ ಅಲ್ವಾ? ಅಲ್ಲ. ಫ್ಯೂಸ್ ಎಣಿಸಿ ನೋಡಿದರೆ 900 ಮಾತ್ರ. ಫ್ಯೂಸ್ ಇಲ್ಲದ ಬಾಂಬ್ ಬರೀ ಕಬ್ಬಿಣ. ಹಾಗಾಗಿ ಒಂದೂವರೆ ದಿನ. ಹಾಳೆಯ ತಲೆಯಲ್ಲಿ ಬರೆದದ್ದು 10 ದಿನ.

ಹಂತ 6: ತರಬೇತಿ, ಅಂದರೆ ಇನ್ನೆಷ್ಟು ದಿನ ಬೇಕು

ತರಬೇತಿಗೆ ಪರ್ಸೆಂಟ್ ಹಾಕುವುದು ಕಷ್ಟ. ಅಮೆರಿಕದವರ ಹಳೆಯ ಪದ್ಧತಿ ನನಗೆ ಇಷ್ಟ. ಪೂರ್ತಿ ತಯಾರಾಗಲು ಇನ್ನು ಎಷ್ಟು ದಿನದ ತಾಲೀಮು ಬೇಕು ಅಂತ ಕಮಾಂಡರ್‌ನನ್ನೇ ಕೇಳುತ್ತಿದ್ದರು. 14 ದಿನದೊಳಗೆ ಟಿ-1, 28ರೊಳಗೆ ಟಿ-2, 42ರೊಳಗೆ ಟಿ-3, ಅದಕ್ಕೂ ಮೇಲೆ ಟಿ-4. ಎಷ್ಟು ಸರಳ!

ಸರ್ಟಿಫಿಕೇಟ್‌ಗಳಿಗೆ ಮುಗಿಯುವ ದಿನಾಂಕ ಇರುತ್ತದೆ, ಅದನ್ನೂ ನೋಡಿ. 2017ರ ಜೂನ್‌ನಲ್ಲಿ ಫಿಟ್ಜ್‌ಜೆರಾಲ್ಡ್, ಆಗಸ್ಟ್‌ನಲ್ಲಿ ಜಾನ್ ಎಸ್. ಮೆಕೇನ್ ಅನ್ನುವ ಅಮೆರಿಕದ ಎರಡು ಯುದ್ಧನೌಕೆಗಳು ಸರಕು ಹಡಗುಗಳಿಗೆ ಡಿಕ್ಕಿ ಹೊಡೆದವು. 7 ಮತ್ತು 10, ಒಟ್ಟು 17 ನಾವಿಕರು ಸತ್ತರು. ಜಪಾನ್‌ನಲ್ಲಿ ನೆಲೆಸಿದ್ದ ಆ ನೌಕಾಪಡೆಯ ಹಡಗುಗಳ ಯುದ್ಧ ತರಬೇತಿ ಸರ್ಟಿಫಿಕೇಟ್‌ಗಳಲ್ಲಿ 37% ಆ ಜೂನ್ ಹೊತ್ತಿಗೆ ಅವಧಿ ಮುಗಿದವು ಅಂತ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧಕರು ಹೇಳಿದರು. ಹಡಗುಗಳು ಸಮುದ್ರದಲ್ಲೇ ಇದ್ದವು, ಬಹಳ ಬಿಜಿ ಇದ್ದವು. ಬಿಜಿ ಇರುವ ಹಡಗು ರೆಡಿ ಇರುವ ಹಡಗಿನಂತೆಯೇ ಕಾಣುತ್ತದೆ, ಅದೇ ತೊಂದರೆ.

ಹಂತ 7: ಸರಾಸರಿ ತೆಗೆಯಬೇಡಿ

ಮದುವೆ ಮನೆಯಲ್ಲಿ ಅಕ್ಕಿ ಪೂರ್ತಿ ಬಂದಿದೆ, ತರಕಾರಿ ಪೂರ್ತಿ ಬಂದಿದೆ, ಬಾಳೆಎಲೆ ಬಂದಿದೆ, ಗ್ಯಾಸ್ ಬಂದಿಲ್ಲ. "75% ಅಡುಗೆ ರೆಡಿ" ಅಂತ ಬೀಗರಿಗೆ ಹೇಳೋಕ್ಕಾಗುತ್ತಾ?

ಅದಕ್ಕೇ ನಿಯಮ ಇರುವುದು ಹೀಗೆ: ಪಿ, ಎಸ್, ಆರ್, ಟಿ ನಾಲ್ಕರಲ್ಲಿ ಯಾವುದು ಅತಿ ಕೆಳಗಿದೆಯೋ ಅದೇ ಇಡೀ ಯೂನಿಟ್‌ನ ಸಿ ಅಂಕ. ಸಿ-1 ಅಂದರೆ ಯುದ್ಧದ ಕೆಲಸ ಪೂರ್ತಿ ಮಾಡಬಲ್ಲದು. ಸಿ-2 ಬಹುಪಾಲು. ಸಿ-3 ಹಲವನ್ನು ಮಾಡಬಲ್ಲದು, ಎಲ್ಲವನ್ನೂ ಅಲ್ಲ. ಸಿ-4ಕ್ಕೆ ಜನ, ಸಾಮಗ್ರಿ ಅಥವಾ ತರಬೇತಿ ಇನ್ನೂ ಬೇಕು. ಸಿ-5 ಅಂದರೆ ಮೇಲಿನವರ ಆದೇಶದಂತೆ ಮರುರಚನೆಯಲ್ಲೋ ಹೊಸ ಸಾಮಗ್ರಿ ಪಡೆಯುವುದರಲ್ಲೋ ಇರುವ ಯೂನಿಟ್. ಕಮಾಂಡರ್ ತನ್ನ ವಿವೇಚನೆಯಿಂದ ಈ ಅಂಕವನ್ನು ಮೇಲೆ ಕೆಳಗೆ ಮಾಡಬಹುದು, ಆದರೆ ಕಾರಣ ಬರೆಯಬೇಕು.

ಅತಿ ಕೆಳಗಿನದ್ದು ಗೆಲ್ಲುತ್ತದೆ ಅನ್ನುವುದಕ್ಕೆ 1980ರ ಏಪ್ರಿಲ್ 24 ಸಾಕ್ಷಿ. ಇರಾನ್‌ನಲ್ಲಿ ಒತ್ತೆಯಾಳಾಗಿದ್ದವರನ್ನು ಬಿಡಿಸಲು ಅಮೆರಿಕ ಕಮಾಂಡೊಗಳನ್ನು ಕಳಿಸಿತು. ನಿಮಿಟ್ಜ್ ಹಡಗಿನಿಂದ 8 ಹೆಲಿಕಾಪ್ಟರ್ ಹೊರಟವು. ಕೆಲಸಕ್ಕೆ ಕನಿಷ್ಠ 6 ಬೇಕಿತ್ತು. ಒಂದನ್ನು ರೆಕ್ಕೆಯಲ್ಲಿ ಬಿರುಕಿನ ಸೂಚನೆ ಬಂತೆಂದು ಮರಳುಗಾಡಿನಲ್ಲೇ ಬಿಟ್ಟರು. ಒಂದು ಧೂಳಿನ ಬಿರುಗಾಳಿಯಲ್ಲಿ ಉಪಕರಣ ಕೆಟ್ಟು ಹಿಂದಿರುಗಿತು. ಇನ್ನೊಂದು ಸೇರಬೇಕಾದ ಜಾಗ ಸೇರಿತು, ಆದರೆ ಹೈಡ್ರಾಲಿಕ್ ಕೈಕೊಟ್ಟಿತ್ತು. ಉಳಿದದ್ದು 5. ಕಾರ್ಯಾಚರಣೆ ರದ್ದು. ವಾಪಸ್ ಹೊರಡುವಾಗ ಹೆಲಿಕಾಪ್ಟರ್ ಒಂದು ಸಿ-130 ವಿಮಾನಕ್ಕೆ ಬಡಿದು 8 ಜನ ಸತ್ತರು.

ಇದರ ಗಣಿತ ಎಲ್ಲರೂ ಒಮ್ಮೆ ಮಾಡಿ ನೋಡಬೇಕು. ಪ್ರತಿ ಹೆಲಿಕಾಪ್ಟರ್ ಕೊನೆಯವರೆಗೂ ಓಡುವ ಸಂಭವ 75% ಅಂತ ಇಟ್ಟುಕೊಳ್ಳಿ. 8ರಲ್ಲಿ ಕನಿಷ್ಠ 6 ಉಳಿಯುವ ಸಂಭವ ಎಷ್ಟು? ಸುಮಾರು 68%. ಮೂರು ಸಲ ಹೋದರೆ ಒಂದು ಸಲ ಸೋಲು. ಅದೇ 75ರ ಹೆಲಿಕಾಪ್ಟರ್‌ಗಳನ್ನೇ 10 ಕಳಿಸಿದರೆ ಸಂಭವ 92%ಕ್ಕೆ ಏರುತ್ತದೆ. 8ನ್ನೇ ಇಟ್ಟುಕೊಂಡು ಮೇಂಟೆನೆನ್ಸ್ ಸುಧಾರಿಸಿ 90ಕ್ಕೆ ತಂದರೆ 96%. ಎರಡು ಮಷಿನ್ ಜಾಸ್ತಿ ಕೊಡೋದಾ, ಇರುವ ಮಷಿನ್ ಚೆನ್ನಾಗಿ ನೋಡಿಕೊಳ್ಳೋದಾ ಅನ್ನುವ ಜಗಳ ಪ್ರತಿ ಸೇನೆಯಲ್ಲೂ ಇದೆ. ಈ ಲೆಕ್ಕ ಆ ಜಗಳವನ್ನು ಸ್ವಲ್ಪ ತಣ್ಣಗೆ ಮಾಡುತ್ತದೆ.

ಹಂತ 8: ಹೇಳದೆ ಹೋಗಿ ನೋಡಿ

ಮೊದಲೇ ತಿಳಿಸಿ ಮಾಡುವ ಇನ್‌ಸ್ಪೆಕ್ಷನ್‌ನಲ್ಲಿ ಅಳೆಯುವುದು ಇನ್‌ಸ್ಪೆಕ್ಷನ್‌ಗೆ ಎಷ್ಟು ರೆಡಿ ಅನ್ನುವುದನ್ನು. ಸುಣ್ಣ ಬಳಿದ ಕಲ್ಲುಗಳನ್ನು ನಾನೂ ಸಾಕಷ್ಟು ನೋಡಿದ್ದೇನೆ. ಮೂರು ತಿಂಗಳಿಗೊಮ್ಮೆ ದಿನ ಹೇಳದೆ ಸೈರನ್ ಊದಿ, ಒಂದು ಕಂಪನಿಯನ್ನಾದರೂ ಗೇಟ್ ದಾಟಿಸಿ. 50 ಕಿಲೋಮೀಟರ್ ಓಡಿಸಿ. ನಿಂತ ಕಡೆ ಸ್ಟವ್ ಹಚ್ಚಿ ಅಡುಗೆ ಮಾಡಿಸಿ. ರೇಡಿಯೋದಲ್ಲಿ ಮಾತಾಡಿಸಿ. ಬರುವಾಗ ಕೆಟ್ಟು ನಿಂತ ಗಾಡಿಯನ್ನು ಬೈಯದೆ ಬರೆದುಕೊಳ್ಳಿ.

ಕಾಗದದ ಅಂಕಿ ಒಂದು ಕಾಲಂ, ಸೈರನ್ ಅಂಕಿ ಪಕ್ಕದ ಕಾಲಂ. 23 ಮತ್ತು 17. ಈ ಎರಡರ ನಡುವಿನ ಅಂತರ ಒಂದು ಸೈರನ್‌ನಿಂದ ಮುಂದಿನ ಸೈರನ್‌ಗೆ ಕಡಿಮೆಯಾಗುತ್ತಿದ್ದರೆ ಸರಿ ದಾರಿಯಲ್ಲಿದ್ದೀರಿ.

ಹಂತ 9: ಉಳಿಸಿಕೊಳ್ಳುವ ಕೆಲಸ

ಅಳೆದದ್ದಾಯಿತು. ಈಗ ನಿಜವಾದ ಕಷ್ಟ. ಯಾವ ಪಡೆಯೂ ವರ್ಷಪೂರ್ತಿ ಒಂದೇ ಮಟ್ಟದಲ್ಲಿರಲ್ಲ. ಹಡಗು ದುರಸ್ತಿಗೆ ಹೋಗಲೇಬೇಕು. ಕಾರವಾರದ ಐಎನ್ಎಸ್ ಕದಂಬದಲ್ಲಿ 10,000 ಟನ್ ತೂಕದ ಹಡಗನ್ನು ನೀರಿನಿಂದ ಮೇಲೆತ್ತುವ ಶಿಪ್‌ಲಿಫ್ಟ್ ಇರುವುದು ಇದಕ್ಕೇ. ಮೇಲೆತ್ತಿ ನಿಲ್ಲಿಸಿದ ಹಡಗು ಅಷ್ಟು ದಿನ ಲೆಕ್ಕಕ್ಕಿಲ್ಲ. ಅದಕ್ಕೆ ನೌಕಾಪಡೆಗಳಲ್ಲಿ ಒಂದು ಒರಟು ಲೆಕ್ಕ ಇದೆ: ಒಂದು ಹಡಗು ಸಮುದ್ರದಲ್ಲಿ ಇರಬೇಕಾದರೆ ಮೂರು ಬೇಕು. ಒಂದು ಡ್ಯೂಟಿಯಲ್ಲಿ, ಒಂದು ತಾಲೀಮಿನಲ್ಲಿ, ಒಂದು ರಿಪೇರಿಯಲ್ಲಿ. ಸರದಿ ತಪ್ಪಿದರೆ ಏನಾಗುತ್ತದೆ ಅನ್ನುವುದಕ್ಕೆ ಜರ್ಮನಿ ನೋಡಿ. 2017ರ ಅಕ್ಟೋಬರ್‌ನಲ್ಲಿ ಯು-35 ಸಬ್‌ಮರೀನ್ ನಾರ್ವೆ ಬಳಿ ಚುಕ್ಕಾಣಿ ಕೆಡಿಸಿಕೊಂಡಿತು. ಅಲ್ಲಿಗೆ ಅವರ 6ಕ್ಕೆ 6 ಸಬ್‌ಮರೀನೂ ಬಳಕೆಗೆ ಇಲ್ಲ. ಬಿಡಿಭಾಗ ದಾಸ್ತಾನು ಮಾಡದೆ ದುಡ್ಡು ಉಳಿಸಿದ್ದರ ಫಲ.

ಯೂನಿಟ್ ಮಟ್ಟದಲ್ಲಿ ನಾವು ಮಾಡಿದ್ದು ಸಣ್ಣ ಕೆಲಸಗಳು. ಬ್ಯಾಟರಿ ಮೇಲೆ ಗಾಡಿ ನಂಬರ್ ಪೇಂಟ್ ಮಾಡಿಸಿದೆವು. ಒಂದು ಗಾಡಿಯ ಭಾಗ ಬಿಚ್ಚಿ ಇನ್ನೊಂದಕ್ಕೆ ಹಾಕುವುದನ್ನು ಪೂರ್ತಿ ನಿಲ್ಲಿಸೋಕೆ ಆಗಲ್ಲ, ಹಾಗಾಗಿ ಅದಕ್ಕೊಂದು ರಿಜಿಸ್ಟರ್ ಇಟ್ಟು, ಬಿಚ್ಚಿದವನು ಮತ್ತು ಅಪ್ಪಣೆ ಕೊಟ್ಟವನು ಇಬ್ಬರೂ ಸಹಿ ಮಾಡಬೇಕು ಅಂದೆವು. ಸಹಿ ಮಾಡಬೇಕು ಅಂದ ತಕ್ಷಣ ಬಿಚ್ಚುವುದು ಅರ್ಧ ಕಡಿಮೆಯಾಯಿತು! ಪ್ರತಿ ಮಂಗಳವಾರ ಎಲ್ಲಾ ಗಾಡಿ 20 ನಿಮಿಷ ಓಡಿಸುವುದು. ವಾರಕ್ಕೊಮ್ಮೆ ಅತಿ ಕೆಳಗಿನ ಒಂದೇ ಒಂದು ಸಾಲಿನ ಬಗ್ಗೆ ಮೀಟಿಂಗ್, ಉಳಿದದ್ದು ಮಾತಾಡಂಗಿಲ್ಲ.

ಸಮಯವನ್ನೂ ಎಣಿಸಿ. ಅಮೆರಿಕದ ಆರ್ಮಿ ವಾರ್ ಕಾಲೇಜಿನ 2002ರ ಅಧ್ಯಯನವೊಂದರಲ್ಲಿ ಕಂಡದ್ದು: ಕಂಪನಿ ಕಮಾಂಡರ್‌ಗಳ ಮೇಲೆ ಹೇರಿದ ಕಡ್ಡಾಯ ತರಬೇತಿ 297 ದಿನದ್ದು. ತರಬೇತಿಗೆ ಸಿಗುವ ದಿನ 256. ಉಳಿದ 41 ದಿನ ಎಲ್ಲಿಂದ ಬರಬೇಕು? ಪೆನ್ನಿನಿಂದ ಬರುತ್ತದೆ. ಮಾಡದ ತರಬೇತಿಗೆ ಟಿಕ್ ಬೀಳುತ್ತದೆ. ಮೇಲಿನವರು ಹೊಸ ಕೆಲಸ ಸೇರಿಸುವಾಗ ಒಂದು ಹಳೆಯದನ್ನು ತೆಗೆಯದಿದ್ದರೆ ಕೆಳಗಿನವರು ಸುಳ್ಳು ಬರೆಯಲೇಬೇಕಾಗುತ್ತದೆ, ಅದಕ್ಕೆ ಅವರನ್ನು ಬೈದು ಪ್ರಯೋಜನ ಇಲ್ಲ.

ರಿಟರ್ನ್‌ನಲ್ಲಿ ಕೆಂಪು ಬಣ್ಣ, ಅಂದರೆ ಕೊರತೆ, ತೋರಿಸಿದವನಿಗೆ ಮೆಮೊ ಕೊಟ್ಟರೆ ಮುಂದಿನ ತಿಂಗಳು ಎಲ್ಲಾ ಹಸಿರಾಗಿ ಬರುತ್ತದೆ. ನಮ್ಮಲ್ಲಿ 17 ಗಾಡಿ ಮಾತ್ರ ಸ್ಟಾರ್ಟ್ ಆದ ಆ ಬೆಳಿಗ್ಗೆ ಸಿ.ಓ. (ಕಮಾಂಡಿಂಗ್ ಆಫೀಸರ್) ಸಾಹೇಬರು ಕೂಗಾಡಲಿಲ್ಲ. "ಎಷ್ಟು ದಿನದಲ್ಲಿ 24 ಮಾಡ್ತೀರಿ, ಏನು ಬೇಕು?" ಅಂತ ಎರಡೇ ಪ್ರಶ್ನೆ ಕೇಳಿದರು. ನಾನು 40 ದಿನ ಅಂದೆ, 9 ಬ್ಯಾಟರಿ ಕೇಳಿದೆ. ಬಂದದ್ದು 6, ಆಗಿದ್ದು 22.

ಹೊರಗಿನಿಂದ ನೋಡುವವರಿಗೆ

ಪತ್ರಿಕೆಯಲ್ಲಿ ಬರುವ ಅಂಕಿಗಳನ್ನೂ ಇದೇ ಕ್ರಮದಲ್ಲಿ ಓದಬಹುದು. ವಾಯುಪಡೆಗೆ ಮಂಜೂರಾದ ಫೈಟರ್ ಸ್ಕ್ವಾಡ್ರನ್ 42, 2025ರ ಸೆಪ್ಟೆಂಬರ್ 26ರಂದು ಮಿಗ್-21 ನಿವೃತ್ತಿಯಾದ ಮೇಲೆ ಉಳಿದದ್ದು 29 ಅಂತ ಓದುತ್ತೀರಿ. ಇದು ಎಸ್ ಅಂಕ ಮಾತ್ರ, ಸುಮಾರು 69%. ಆ 29ರಲ್ಲಿ ಈ ಹೊತ್ತು ಹಾರಬಲ್ಲ ವಿಮಾನ ಎಷ್ಟು, ಒಂದೊಂದಕ್ಕೆ ಪೈಲಟ್ ಎಷ್ಟು, ಕ್ಷಿಪಣಿ ಎಷ್ಟು ದಿನಕ್ಕೆ ಅನ್ನುವುದು ಆ ಸುದ್ದಿಯಲ್ಲಿ ಇರಲ್ಲ. 42 ಅನ್ನುವುದು ಯಾವ ಕೆಲಸಕ್ಕೆ, ಎಷ್ಟು ಕಡೆ ಒಟ್ಟಿಗೆ ಹೋರಾಡಲು ಲೆಕ್ಕ ಹಾಕಿದ್ದು ಅಂತ ಮೊದಲು ಹುಡುಕಿ. ನಂತರ 29 ಕಮ್ಮಿಯೋ ಸಾಕೋ ಅಂತ ಜಗಳ ಆಡಿ.